ಗುಲಾಮರಾಗಿದ್ದವರ ವಂಶದ ಬಾಕಿ ತೀರಿಸುವುದು ಹೇಗೆ? ಅಮೆರಿಕದ ಮುಂದಿರುವ ದಾರಿಗಳ ಹೋಲಿಕೆ

2015ಕ್ಕಿಂತ ಮುಂಚೆ ಬ್ರಿಟನ್ನಿನಲ್ಲಿ ಕೆಲಸ ಮಾಡಿದ ಡಾಕ್ಟರೋ ಎಂಜಿನಿಯರೋ ನಿಮ್ಮ ಮನೆಯಲ್ಲಿದ್ದಾರಾ? ಹಾಗಿದ್ದರೆ ಅವರು ಕಟ್ಟಿದ ತೆರಿಗೆಯ ಒಂದು ಚೂರು, ಗುಲಾಮರ ಯಜಮಾನರಿಗೆ ಕೊಟ್ಟ ಪರಿಹಾರದ ಸಾಲಕ್ಕೆ ಹೋಗಿದೆ. ಹೌದು, ಯಜಮಾನರಿಗೆ. 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದ ಬ್ರಿಟನ್, ‘ಆಸ್ತಿ’ ಕಳೆದುಕೊಂಡವರಿಗೆಂದು 2 ಕೋಟಿ ಪೌಂಡ್ ತೆಗೆದಿಟ್ಟಿತು. ಅದು ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಸುಮಾರು ಶೇ 40ರಷ್ಟು. ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಅವರಲ್ಲಿ ಹೆಚ್ಚಿನವರು ಮತ್ತೆ ಕೆಲವು ವರ್ಷ ಅದೇ ಯಜಮಾನರ ಹೊಲದಲ್ಲಿ ಪುಕ್ಕಟೆ ದುಡಿಯಬೇಕಾಯಿತು.

ಈ ಲೆಕ್ಕವನ್ನು ಮೊದಲೇ ಹೇಳಲು ಕಾರಣವಿದೆ. ಗುಲಾಮರಾಗಿದ್ದವರ ವಂಶಕ್ಕೆ ಅಮೆರಿಕ ಪರಿಹಾರ ಕೊಡಬೇಕು ಅನ್ನುವ ಮಾತು ಅಲ್ಲಿರುವ ನಮ್ಮವರ ನಡುವೆ ಬಂದಾಗಲೆಲ್ಲ ಏಳುವ ಮೊದಲ ಪ್ರಶ್ನೆ ಒಂದೇ. ‘ನಾವು ಬಂದಿದ್ದು ಮೊನ್ನೆ ಮೊನ್ನೆ. ನಮ್ಮ ಅಜ್ಜ ಯಾರನ್ನೂ ಗುಲಾಮರಾಗಿ ಇಟ್ಟುಕೊಂಡಿರಲಿಲ್ಲ. ನಾವ್ಯಾಕೆ ಕೊಡಬೇಕು?’ ಪ್ರಶ್ನೆ ಸಹಜವೇ. ಆದರೆ ಇಲ್ಲಿ ಕೇಳುತ್ತಿರುವುದು ಸರ್ಕಾರದ ಬಾಕಿಯನ್ನು. ಸರ್ಕಾರಕ್ಕೆ ಅಜ್ಜ ಮೊಮ್ಮಗ ಅಂತ ಇಲ್ಲ. ಅದು ಒಂದೇ ಸಂಸ್ಥೆ, ಮುಂದುವರಿಯುತ್ತಲೇ ಇರುತ್ತದೆ. ಹೊಸದಾಗಿ ಬಂದವರೂ ಹಳೆಯ ಸಾಲದ ಬಡ್ಡಿಗೆ ತೆರಿಗೆ ಕಟ್ಟುತ್ತಾರೆ, ಹಳೆಯ ಸೇತುವೆ ಮೇಲೆ ಓಡಾಡುತ್ತಾರೆ. ಇನ್ನೊಂದು ಮಾತು. ನಮ್ಮಂಥವರಿಗೆ ಅಮೆರಿಕದ ಬಾಗಿಲು ದೊಡ್ಡದಾಗಿ ತೆರೆದಿದ್ದು 1965ರ ವಲಸೆ ಕಾನೂನಿನಿಂದ. ಆ ಕಾನೂನು ಬರುವ ಹವಾ ಹುಟ್ಟಿಸಿದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ. ಇದನ್ನು ಮರೆಯಬಾರದು ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಕೊಡಬೇಕು. ಹೇಗೆ ಕೊಡಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ಏಕೆಂದರೆ ‘ರೆಪರೇಶನ್ಸ್’ ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಯೋಜನೆಗಳು ಓಡಾಡುತ್ತಿವೆ. ಕೆಲವು ನಿಜವಾಗಿ ಬಾಕಿ ತೀರಿಸುತ್ತವೆ, ಕೆಲವು ಹೆಸರಿಗೆ ಮಾತ್ರ.

ಮೊದಲು ಒಂದು ಪದದ ತೊಡಕು

ಕನ್ನಡದಲ್ಲಿ ನಾವು ಇದಕ್ಕೆ ‘ಪರಿಹಾರ’ ಅನ್ನುತ್ತೇವೆ. ಆದರೆ ಪರಿಹಾರ ಅಂದ ಕೂಡಲೇ ನಮಗೆ ನೆನಪಾಗುವುದು ನೆರೆ ಪರಿಹಾರ, ಬರ ಪರಿಹಾರ. ಮಳೆ ಜಾಸ್ತಿಯಾಯಿತು, ಬೆಳೆ ಹೋಯಿತು, ಸರ್ಕಾರ ಕರುಣೆಯಿಂದ ಒಂದಿಷ್ಟು ಕೊಟ್ಟಿತು. ಅಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಇಲ್ಲಿ ಇದ್ದಾರೆ. ಅದಕ್ಕೇ ನಾನು ಈ ಬರಹದಲ್ಲಿ ‘ಬಾಕಿ’ ಅನ್ನುವ ಪದವನ್ನೇ ಹೆಚ್ಚು ಬಳಸುತ್ತೇನೆ. ಕೂಲಿ ಬಾಕಿ ಅಂತೀವಲ್ಲ, ಆ ಅರ್ಥದಲ್ಲಿ.

ಬಾಕಿ ಎಷ್ಟು ಹಳೆಯದು? ವರ್ಜೀನಿಯಾದ ದಡಕ್ಕೆ ಆಫ್ರಿಕಾದವರನ್ನು ಹೊತ್ತ ಹಡಗು ಬಂದಿದ್ದು 1619ರಲ್ಲಿ. ಗುಲಾಮಗಿರಿ ಕಾನೂನಿನಲ್ಲಿ ಮುಗಿದಿದ್ದು 1865ರಲ್ಲಿ. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 39.5 ಲಕ್ಷ. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, 1865ರ ಜನವರಿ 16ರಂದು, ಉತ್ತರದ ಸೇನೆಯ ಜನರಲ್ ಶೆರ್ಮನ್ ಒಂದು ಆದೇಶ ಹೊರಡಿಸಿದ. ದಕ್ಷಿಣದ ಕರಾವಳಿ ಜಮೀನನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಹಂಚಬೇಕು ಅಂತ. ಸುಮಾರು 40,000 ಜನ ಅಲ್ಲಿ ಹೋಗಿ ಉಳುಮೆ ಶುರು ಮಾಡಿದರು. ಲಿಂಕನ್ ಕೊಲೆಯಾದ ಮೇಲೆ ಅಧ್ಯಕ್ಷನಾದ ಆಂಡ್ರೂ ಜಾನ್ಸನ್ ಅದೇ ವರ್ಷ ಆ ಜಮೀನಿನ ಬಹುಪಾಲನ್ನು ಹಳೆಯ ಯಜಮಾನರಿಗೆ ವಾಪಸ್ ಕೊಡಿಸಿದ. ಬಿತ್ತಿದವರನ್ನು ಹೊಲದಿಂದ ಎಬ್ಬಿಸಲಾಯಿತು. ಇದಕ್ಕೂ ಮೂರು ವರ್ಷ ಮುಂಚೆ, 1862ರಲ್ಲಿ, ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ತೆಗೆದಾಗ ಯಜಮಾನರಿಗೆ ತಲೆಗೆ 300 ಡಾಲರ್‌ವರೆಗೆ ಕೊಟ್ಟಿದ್ದರು. ಕೊಡುವ ದಾರಿ ಗೊತ್ತಿಲ್ಲದ ಸರ್ಕಾರ ಅದಾಗಿರಲಿಲ್ಲ.

‘ಈಗ ಯಾರೂ ಬದುಕಿಲ್ಲ, ಕಾಲ ಮಿಂಚಿತು’ ಅನ್ನುವವರಿಗೆ ನಾನು ಕ್ಯಾಲಿ ಹೌಸ್ ಕಥೆ ಹೇಳುತ್ತೇನೆ. ಆಕೆ ಗುಲಾಮಗಿರಿಯಲ್ಲಿ ಹುಟ್ಟಿದವಳು. ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಬಟ್ಟೆ ಒಗೆದು ಮಕ್ಕಳನ್ನು ಸಾಕಿದವಳು. 1890ರ ದಶಕದಲ್ಲಿ ಮಾಜಿ ಗುಲಾಮರಿಗೆ ಪಿಂಚಣಿ ಕೊಡಿ ಅಂತ ದೊಡ್ಡ ಸಂಘ ಕಟ್ಟಿದಳು. ಆಗ ಗುಲಾಮರಾಗಿದ್ದವರು ಲಕ್ಷಗಟ್ಟಲೆ ಬದುಕಿದ್ದರು. ಸರ್ಕಾರ ಏನು ಮಾಡಿತು ಗೊತ್ತಾ? ಅಂಚೆ ವಂಚನೆಯ ಕೇಸು ಹಾಕಿ 1917ರಲ್ಲಿ ಆಕೆಯನ್ನು ಜೈಲಿಗೆ ಕಳಿಸಿತು. ಸರಿಯಾದ ಹೊತ್ತಿನಲ್ಲೇ ಕೇಳಿದ್ದರು. ಕೇಳಿದ್ದಕ್ಕೇ ಶಿಕ್ಷೆಯಾಯಿತು.

ಈಗ ದಾರಿಗಳನ್ನು ನೋಡೋಣ.

ಕ್ಷಮೆ ಮಾತ್ರ

ಅಮೆರಿಕದ ಪ್ರತಿನಿಧಿ ಸಭೆ 2008ರಲ್ಲಿ, ಸೆನೆಟ್ 2009ರಲ್ಲಿ ಕ್ಷಮೆ ಕೇಳುವ ನಿರ್ಣಯ ಮಾಡಿದವು. ಸೆನೆಟ್ ನಿರ್ಣಯದ ಕೊನೆಗೆ ಒಂದು ಸಾಲು ಸೇರಿಸಿದ್ದರು: ಇದನ್ನು ಹಿಡಿದು ಯಾರೂ ಸರ್ಕಾರದ ಮೇಲೆ ಹಕ್ಕು ಸಾಧಿಸುವಂತಿಲ್ಲ ಅಂತ. ಕ್ಷಮೆ ಬೇಕು, ಖಂಡಿತ ಬೇಕು. ಹಣದ ಜೊತೆ ಕ್ಷಮೆ ಬರದಿದ್ದರೆ ಅದು ಬಾಯಿ ಮುಚ್ಚಿಸಲು ಕೊಟ್ಟ ದುಡ್ಡಾಗುತ್ತದೆ. ಆದರೆ ಬರೀ ಕ್ಷಮೆಯನ್ನೇ ಆರಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಮೊದಲು ಆಯೋಗ, ಆಮೇಲೆ ಮಾತು

ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯ ಜಾನ್ ಕಾನ್ಯರ್ಸ್ 1989ರಲ್ಲಿ ಒಂದು ಮಸೂದೆ ತಂದರು. ಪರಿಹಾರ ಹೇಗಿರಬೇಕು ಅಂತ ಅಧ್ಯಯನ ಮಾಡುವ ಆಯೋಗ ರಚಿಸಿ ಅನ್ನುವುದಷ್ಟೇ ಅದರ ಬೇಡಿಕೆ. ಆ 40 ಎಕರೆಯ ನೆನಪಿಗೆ ಅದಕ್ಕೆ ಎಚ್.ಆರ್. 40 (ಪ್ರತಿನಿಧಿ ಸಭೆಯ ಮಸೂದೆ 40) ಅನ್ನುವ ಹೆಸರು ಉಳಿದಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಮತ್ತೆ ಮತ್ತೆ ಮಂಡಿಸಿದ ಮೇಲೆ, 2021ರಲ್ಲಿ ಮೊದಲ ಸಲ ಸಮಿತಿಯ ಹಂತ ದಾಟಿತು. ಅಲ್ಲಿಗೇ ನಿಂತಿತು.

ಆಯೋಗ ಅಂದರೆ ಕಾಲಹರಣ ಅಂತ ನಮಗೆಲ್ಲ ಅನುಮಾನ ಇದ್ದೇ ಇದೆ. ಆದರೆ ಇಲ್ಲಿ ಒಂದು ಒಳ್ಳೆಯ ಉದಾಹರಣೆ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿ ಹಾಕಿದ್ದರು. 1980ರಲ್ಲಿ ಅದರ ಬಗ್ಗೆ ಆಯೋಗ ಆಯಿತು. 1983ರಲ್ಲಿ ಶಿಫಾರಸು ಬಂತು. 1988ರಲ್ಲಿ ಅಧ್ಯಕ್ಷ ರೇಗನ್ ಪರಿಹಾರದ ಕಾನೂನಿಗೆ ಸಹಿ ಹಾಕಿದರು. ಬದುಕಿದ್ದ ಸುಮಾರು 82,000 ಜನರಿಗೆ ತಲಾ 20,000 ಡಾಲರ್ ಸಿಕ್ಕಿತು, ಜೊತೆಗೆ ಕ್ಷಮೆಯ ಪತ್ರ. ಆಯೋಗಕ್ಕೆ ಗಡುವು ಇದ್ದರೆ, ಮುಂದೇನು ಅನ್ನುವ ದಾರಿ ಇದ್ದರೆ ಅದು ಮೊದಲ ಹೆಜ್ಜೆ. ಇಲ್ಲದಿದ್ದರೆ ಫೈಲು.

ಮನೆಗೆ ನೆರವು: ಇವಾನ್‌ಸ್ಟನ್ ಮಾದರಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಏಕೆಂದರೆ ಕಾಗದದಿಂದ ಇಳಿದು ಬೀದಿಗೆ ಬಂದ ಯೋಜನೆ ಇದು, ಮತ್ತು ಬೇರೆ ಊರುಗಳು ಇದನ್ನೇ ನೋಡಿ ಕಲಿಯುತ್ತಿವೆ.

ಶಿಕಾಗೋ ಪಕ್ಕದ ಇವಾನ್‌ಸ್ಟನ್ ನಗರ 2019ರಲ್ಲಿ, ಕಾನೂನುಬದ್ಧ ಗಾಂಜಾ ಮಾರಾಟದ ತೆರಿಗೆಯಿಂದ ಮೊದಲ 1 ಕೋಟಿ ಡಾಲರ್ ಇದಕ್ಕೆ ಮೀಸಲಿಟ್ಟಿತು. 2021ರಲ್ಲಿ ಯೋಜನೆ ಪಾಸಾಯಿತು. ಒಬ್ಬರಿಗೆ 25,000 ಡಾಲರ್. ಯಾರಿಗೆ? 1919ರಿಂದ 1969ರ ನಡುವೆ ಆ ಊರಿನಲ್ಲಿದ್ದ ಕಪ್ಪು ಜನರಿಗೆ ಮತ್ತು ಅವರ ನೇರ ವಂಶದವರಿಗೆ. ಆ ವರ್ಷಗಳೇ ಯಾಕೆ? ಆಗ ಕಪ್ಪು ಕುಟುಂಬಗಳನ್ನು ಊರಿನ ಒಂದು ಮೂಲೆಗೆ ನೂಕಿದ್ದರು. ಉಳಿದ ಕಡೆ ಮನೆ ಕೊಳ್ಳಲು ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಸರ್ಕಾರದ ನಕ್ಷೆಗಳಲ್ಲೇ ಅಂಥ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಮನೆ ಮಾರಾಟದಲ್ಲಿ ಭೇದ ಮಾಡಬಾರದು ಅಂತ ದೇಶದ ಕಾನೂನು ಬಂದಿದ್ದು 1968ರಲ್ಲಿ. ಅಮೆರಿಕದ ಮಧ್ಯಮ ವರ್ಗ ತನ್ನ ಆಸ್ತಿಯನ್ನು ಕಟ್ಟಿಕೊಂಡಿದ್ದೇ ಮನೆಯ ಮೂಲಕ. ಆ ಏಣಿಯನ್ನು ಇವರಿಂದ ಎಳೆದುಕೊಂಡಿದ್ದರು.

ಈ ಮಾದರಿಯ ಬಲ ಏನು? ತಪ್ಪು ಯಾರದ್ದು, ಯಾವ ಊರಿನಲ್ಲಿ, ಯಾವ ವರ್ಷ ಅನ್ನುವುದು ಸ್ಪಷ್ಟ. ಅನುಭವಿಸಿದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. 2022ರ ಜನವರಿಯಲ್ಲಿ ಚೀಟಿ ಎತ್ತಿ ಮೊದಲ 16 ಜನರನ್ನು ಆರಿಸಿದಾಗ ಅವರೆಲ್ಲ ಹಿರಿಯರೇ.

ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಮೊದಲಿಗೆ ಹಣ ಜನರ ಕೈಗೆ ಬರುತ್ತಿರಲಿಲ್ಲ. ಮನೆ ಸಾಲದ ಬ್ಯಾಂಕಿಗೋ ರಿಪೇರಿ ಮಾಡುವ ಕಂಟ್ರಾಕ್ಟರಿಗೋ ನೇರವಾಗಿ ಹೋಗುತ್ತಿತ್ತು. ಬಾಡಿಗೆ ಮನೆಯಲ್ಲಿದ್ದು, ಮನೆ ಕೊಳ್ಳುವ ವಯಸ್ಸು ದಾಟಿದ ಅಜ್ಜಿಗೆ ಇದರಿಂದ ಏನು ಸಿಗುತ್ತದೆ? ನಗರಸಭೆಯ ಕಪ್ಪು ಸದಸ್ಯೆಯೊಬ್ಬರೇ ಇದನ್ನು ವಿರೋಧಿಸಿ ಮತ ಹಾಕಿದರು. ಇದು ವಸತಿ ಯೋಜನೆ, ರೆಪರೇಶನ್ಸ್ ಅಲ್ಲ ಅನ್ನುವುದು ಅವರ ವಾದ. ನನಗೆ ಅವರ ಮಾತು ಸರಿ ಅನ್ನಿಸಿತು. ನಿಮಗೆ ಬರಬೇಕಾದ ಕೂಲಿಯನ್ನು ಕೊಡುವಾಗ ಯಜಮಾನ ‘ಇದರಲ್ಲಿ ಹೆಂಚು ಮಾತ್ರ ಕೊಳ್ಳಬೇಕು’ ಅಂದರೆ ಹೇಗಿರುತ್ತದೆ? 2023ರಲ್ಲಿ ನಗರಸಭೆ ನಗದು ತೆಗೆದುಕೊಳ್ಳುವ ಆಯ್ಕೆಯನ್ನೂ ಸೇರಿಸಿತು. ಒಳ್ಳೆಯ ತಿದ್ದುಪಡಿ. 2024ರಲ್ಲಿ ಯೋಜನೆಯ ವಿರುದ್ಧ ಫೆಡರಲ್ ಕೋರ್ಟಿನಲ್ಲಿ ಕೇಸು ಬಿತ್ತು. ಜನಾಂಗದ ಆಧಾರದಲ್ಲಿ ಹಣ ಹಂಚುವುದು ಸಂವಿಧಾನಕ್ಕೆ ವಿರುದ್ಧ ಅನ್ನುವುದು ಆ ಕೇಸಿನ ತಿರುಳು.

ಜಮೀನು ವಾಪಸ್

ಲಾಸ್ ಏಂಜಲೀಸ್ ಹತ್ತಿರದ ಮ್ಯಾನ್‌ಹಟನ್ ಬೀಚ್‌ನಲ್ಲಿ ವಿಲ್ಲಾ ಮತ್ತು ಚಾರ್ಲ್ಸ್ ಬ್ರೂಸ್ ದಂಪತಿ 1912ರಲ್ಲಿ ಸಮುದ್ರದ ಪಕ್ಕ ಜಾಗ ಕೊಂಡು, ಕಪ್ಪು ಜನ ನೆಮ್ಮದಿಯಾಗಿ ಬಂದು ಇರುವಂಥ ರೆಸಾರ್ಟ್ ನಡೆಸಿದರು. 1924ರಲ್ಲಿ ನಗರಸಭೆ ಪಾರ್ಕ್ ಮಾಡುತ್ತೇವೆ ಅಂತ ಆ ಜಾಗವನ್ನು ವಶ ಮಾಡಿಕೊಳ್ಳಲು ಹೊರಟಿತು. ಕಿತ್ತುಕೊಂಡ ಮೇಲೆ ದಶಕಗಟ್ಟಲೆ ಸುಮ್ನೆ ಖಾಲಿ ಬಿಟ್ಟಿತು. 2022ರಲ್ಲಿ ಲಾಸ್ ಏಂಜಲೀಸ್ ಕೌಂಟಿ, ಅಂದರೆ ಜಿಲ್ಲಾಡಳಿತ, ಅದನ್ನು ವಂಶದವರಿಗೆ ಹಿಂತಿರುಗಿಸಿತು. 2023ರಲ್ಲಿ ಅವರು ಅದನ್ನು ಕೌಂಟಿಗೇ ಸುಮಾರು 2 ಕೋಟಿ ಡಾಲರ್‌ಗೆ ಮಾರಿದರು. ‘ನೋಡಿ, ಮಾರಿಬಿಟ್ಟರು’ ಅಂತ ಕೆಲವರು ಹಂಗಿಸಿದರು. ಅವರ ಆಸ್ತಿ, ಅವರ ಇಷ್ಟ.

ಆಸ್ತಿ ಪತ್ರ ಇದ್ದರೆ ಇದಕ್ಕಿಂತ ಚೊಕ್ಕವಾದ ದಾರಿ ಇಲ್ಲ. ಆದರೆ ಗುಲಾಮರಾಗಿದ್ದವರ ಹೆಸರಿನಲ್ಲಿ ಯಾವ ಪತ್ರ ಇರುತ್ತದೆ? ಅವರ ಹೆಸರೇ ಇನ್ನೊಬ್ಬರ ಆಸ್ತಿ ಪತ್ರದಲ್ಲಿತ್ತು. ಹಾಗಾಗಿ ಈ ದಾರಿ ಆಮೇಲಿನ ಕಾಲದ ಕಳವಿಗೆ ಸರಿ, ಮೂಲ ಬಾಕಿಗೆ ಸಾಲದು.

ಓದಿಗೆ ನೆರವು

1838ರಲ್ಲಿ ಜೆಸ್ಯೂಟ್ ಪಾದ್ರಿಗಳು 272 ಜನರನ್ನು ಲೂಸಿಯಾನಾದ ತೋಟಗಳಿಗೆ ಮಾರಿ, ಆ ಹಣದಲ್ಲಿ ಒಂದು ಪಾಲಿನಿಂದ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಿದ್ದರು. 2016ರಲ್ಲಿ ಆ ವಿಶ್ವವಿದ್ಯಾಲಯ ಆ ವಂಶದವರಿಗೆ ಪ್ರವೇಶದಲ್ಲಿ ಆದ್ಯತೆ ಕೊಡುತ್ತೇವೆ ಅಂದಿತು. 2019ರಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ, ಪ್ರತಿ ಸೆಮಿಸ್ಟರ್‌ಗೆ 27.20 ಡಾಲರ್ ಶುಲ್ಕವನ್ನು ತಾವೇ ಕೊಡುತ್ತೇವೆ ಅಂದರು. ಆ ಅಂಕಿಯಲ್ಲೇ 272 ಇದೆ. ಮೂರನೇ ಎರಡರಷ್ಟು ಮಂದಿ ಒಪ್ಪಿದರು. ಇದನ್ನು ಓದಿದಾಗ ನನಗೆ ಮನಸ್ಸು ತುಂಬಿ ಬಂದಿತ್ತು. ಇಪ್ಪತ್ತು ವರ್ಷದ ಮಕ್ಕಳು ‘ನಾವ್ಯಾಕೆ ಕೊಡಬೇಕು’ ಅಂತ ಕೇಳಲಿಲ್ಲ.

ಆದರೂ ಓದಿನ ನೆರವು ಓದುವ ವಯಸ್ಸಿನವರಿಗೆ, ಅದರಲ್ಲೂ ಅಂಥ ಕಾಲೇಜಿಗೆ ಅರ್ಜಿ ಹಾಕುವ ಮಟ್ಟ ಮುಟ್ಟಿದವರಿಗೆ ಮಾತ್ರ. ಲೂಸಿಯಾನಾದ ಮ್ಯಾರಿಂಗ್ವಿನ್ ಊರಿನಲ್ಲಿ ಆ 272 ಜನರ ವಂಶದವರು ತುಂಬಾ ಮಂದಿ ಇದ್ದಾರೆ. ಅಲ್ಲಿನ ಅರವತ್ತು ದಾಟಿದವರಿಗೆ ಪ್ರವೇಶದ ಆದ್ಯತೆ ಕಟ್ಟಿಕೊಂಡು ಏನಾಗಬೇಕು?

ಎಲ್ಲ ಬಡ ಮಕ್ಕಳಿಗೂ ಬಾಂಡ್

ಕನೆಕ್ಟಿಕಟ್ ರಾಜ್ಯ 2023ರ ಜುಲೈ 1ರಿಂದ, ಬಡವರ ಆರೋಗ್ಯ ವಿಮೆಯಡಿ ಹುಟ್ಟುವ ಪ್ರತಿ ಮಗುವಿನ ಹೆಸರಿನಲ್ಲಿ 3,200 ಡಾಲರ್ ಇಡುತ್ತದೆ. 18 ತುಂಬಿದ ಮೇಲೆ ಮನೆ, ಓದು, ಸ್ವಂತ ಉದ್ಯೋಗಕ್ಕೆ ಬಳಸಬಹುದು. ಬಣ್ಣ ಕೇಳುವುದಿಲ್ಲ, ಹಾಗಾಗಿ ಕೋರ್ಟಿನ ಭಯ ಕಡಿಮೆ. ನಾನು ಇದರ ಪರ. ಆದರೆ ಇದು ಬಡತನದ ಮದ್ದು. ಇದನ್ನು ತೋರಿಸಿ ಬಾಕಿ ತೀರಿತು ಅನ್ನಬಾರದು.

ಇಲ್ಲಿ ನಮ್ಮ ಓದುಗರು ಕೇಳುವ ಪ್ರಶ್ನೆ ಒಂದಿದೆ: ‘ಹಾಗಾದ್ರೆ ಇದೆಲ್ಲ ನಮ್ಮ ಮೀಸಲಾತಿ ಇದ್ದ ಹಾಗೆ ಅಲ್ವಾ?’ ಪೂರ್ತಿ ಹಾಗಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳನ್ನು ನೆನಪಿಸಿಕೊಳ್ಳಿ. ಅವರ ಹಿರಿಯರಲ್ಲಿ ಬಹಳಷ್ಟು ಮಂದಿಯನ್ನು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದಿದ್ದು ಪೋರ್ಚುಗೀಸರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮರಿಗಳು ಇವತ್ತು ನಮ್ಮ ಜೊತೆ ಕನ್ನಡ, ಕೊಂಕಣಿ ಮಾತಾಡುತ್ತಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅದರಿಂದ ಓದು, ಕೆಲಸದ ದಾರಿ ಕಂಡಿತು. ಆದರೆ ಅದು ಇವತ್ತಿನ ಹಿಂದುಳಿದಿರುವಿಕೆಯನ್ನು ನೋಡಿ ಕೊಟ್ಟಿದ್ದು. ಯಾರು ಅವರನ್ನು ಹಡಗಿಗೆ ತುಂಬಿದರು, ಆ ಲೆಕ್ಕ ಯಾರು ಕೊಡಬೇಕು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಮೀಸಲಾತಿ ಮುಂದಿನ ಬಾಗಿಲು ತೆರೆಯುತ್ತದೆ. ಬಾಕಿಯ ಲೆಕ್ಕ ಹಿಂದಕ್ಕೆ ನೋಡುತ್ತದೆ. ಎರಡೂ ಬೇಕಾಗಬಹುದು.

ನೇರ ಹಣ

1878ರಲ್ಲಿ ಹೆನ್ರಿಯೆಟ್ಟಾ ವುಡ್ ಅನ್ನುವ ಹೆಣ್ಣುಮಗಳಿಗೆ ಸಿನ್ಸಿನಾಟಿಯ ಫೆಡರಲ್ ಕೋರ್ಟ್ 2,500 ಡಾಲರ್ ಕೊಡಿಸಿತು. ಆಕೆ ಬಿಡುಗಡೆಯಾಗಿದ್ದ ಮೇಲೂ 1853ರಲ್ಲಿ ಅಪಹರಿಸಿ ಮತ್ತೆ ಗುಲಾಮಗಿರಿಗೆ ಮಾರಿದ್ದರು. ಮಾರಿದವನ ಮೇಲೆ ಕೇಸು ಹಾಕಿ ಗೆದ್ದಳು. ಗುಲಾಮಗಿರಿಗಾಗಿ ಅಮೆರಿಕದ ಕೋರ್ಟೊಂದು ಕೊಡಿಸಿದ, ನಮಗೆ ತಿಳಿದಿರುವ ಮೊತ್ತಗಳಲ್ಲಿ ಅದೇ ದೊಡ್ಡದು. ಕೇಳಿದ್ದು 20,000. ಆದರೂ ಆ ಹಣದ ನೆರವಿನಿಂದ ಮಗ ಶಿಕಾಗೋದಲ್ಲಿ ಕಾನೂನು ಓದಿ ಲಾಯರ್ ಆದ. ಹಣವನ್ನು ಯಾವುದಕ್ಕೆ ಬಳಸಬೇಕು ಅಂತ ಯಾರೂ ಆಕೆಗೆ ಹೇಳಿಕೊಡಬೇಕಾಗಲಿಲ್ಲ.

ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಲ್ಲಿ ನಡುಮಟ್ಟದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬದ್ದು 44,900. ಸಂಬಳದ ಅಂತರಕ್ಕಿಂತ ಇದು ಎಷ್ಟೋ ದೊಡ್ಡದು. ಆಸ್ತಿ ಅಂದರೆ ತಾತನಿಂದ ಬಂದದ್ದು, ಅಥವಾ ಬರದೇ ಹೋದದ್ದು. ಈ ಅಂತರ ಮುಚ್ಚಲು ಎಷ್ಟು ಬೇಕು? ಅರ್ಥಶಾಸ್ತ್ರಜ್ಞ ವಿಲಿಯಂ ಡ್ಯಾರಿಟಿ ಮತ್ತು ಕರ್ಸ್ಟನ್ ಮುಲ್ಲೆನ್ ಅವರ ಲೆಕ್ಕ 10 ಲಕ್ಷ ಕೋಟಿ ಡಾಲರ್‌ಗೂ ಮೇಲೆ ಹೋಗುತ್ತದೆ. ಅಷ್ಟು ಹಣ ಯಾವ ಊರಿನ ಹತ್ತಿರವೂ ಇಲ್ಲ, ಯಾವ ಕಾಲೇಜಿನ ಹತ್ತಿರವೂ ಇಲ್ಲ. ಕೇಂದ್ರ ಸರ್ಕಾರ ಮಾತ್ರ, ಅದೂ ಹಲವು ವರ್ಷಗಳಲ್ಲಿ, ಕೊಡಬಲ್ಲದು.

ಇದರ ದೊಡ್ಡ ಅಡ್ಡಿ ಜನರ ಒಪ್ಪಿಗೆ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆ 2021ರಲ್ಲಿ ಕೇಳಿದಾಗ ಶೇ 30ರಷ್ಟು ಮಂದಿ ಮಾತ್ರ ಪರಿಹಾರದ ಪರ ಇದ್ದರು. ಕಪ್ಪು ಜನರಲ್ಲಿ ಶೇ 77, ಬಿಳಿಯರಲ್ಲಿ ಶೇ 18.

ಯಾರಿಗೆ ಅನ್ನುವುದು ಎಲ್ಲಕ್ಕಿಂತ ಮುಖ್ಯ

ದಾರಿ ಯಾವುದೇ ಇರಲಿ, ಯೋಜನೆಯ ಕಾಗದದಲ್ಲಿ ನಾನು ಮೊದಲು ಹುಡುಕುವುದು ಈ ಸಾಲನ್ನು. ಬಣ್ಣ ನೋಡಿ ಕೊಡುತ್ತಾರಾ? ವಂಶ ನೋಡಿಯಾ? ವಾಸ ನೋಡಿಯಾ?

ಬಣ್ಣ ನೋಡಿದರೆ, ಹತ್ತು ವರ್ಷದ ಹಿಂದೆ ನೈಜೀರಿಯಾದಿಂದ ಬಂದ ಡಾಕ್ಟರಿಗೂ ಹೋಗುತ್ತದೆ. ಅವರಿಗೂ ಭೇದಭಾವದ ನೋವಿದೆ, ಆದರೆ ಈ ಬಾಕಿ ಅವರದ್ದಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವುದನ್ನು ತಳ್ಳಿಹಾಕಿದ ಮೇಲೆ ಈ ದಾರಿ ಇನ್ನೂ ಕಷ್ಟವಾಗಿದೆ. ವಂಶ ನೋಡುವುದು ಹೆಚ್ಚು ನ್ಯಾಯ. ಮಿಶೆಲ್ ಒಬಾಮಾ ಅವರ ಹಿರಿಯರು ಸೌತ್ ಕ್ಯಾರೊಲಿನಾದಲ್ಲಿ ಗುಲಾಮರಾಗಿದ್ದವರು. ಅವರು ಈ ಲೆಕ್ಕದೊಳಗೆ ಬರುತ್ತಾರೆ. ಕಮಲಾ ಹ್ಯಾರಿಸ್ ಅವರ ತಂದೆ ಜಮೈಕಾದವರು. ಆ ದ್ವೀಪದ ಬಾಕಿ ಕೊಡಬೇಕಾದ್ದು ಬ್ರಿಟನ್. ಪರಿಹಾರದ ಅಧ್ಯಯನಕ್ಕೆಂದು ಕ್ಯಾಲಿಫೋರ್ನಿಯಾ ರಾಜ್ಯ ರಚಿಸಿದ ಕಾರ್ಯಪಡೆ 2022ರಲ್ಲಿ ಇದೇ ವಿಷಯಕ್ಕೆ ಮತ ಹಾಕಿದಾಗ, 4ರ ವಿರುದ್ಧ 5 ಮತಗಳಿಂದ ವಂಶವನ್ನು ಆರಿಸಿತು. ಅಷ್ಟು ಜಿದ್ದಿನ ಪ್ರಶ್ನೆ ಇದು. ವಂಶ ಅಂದರೂ ಕೋರ್ಟಿನ ತೊಂದರೆ ತಪ್ಪುವುದಿಲ್ಲ. 2000ದಲ್ಲಿ ಹವಾಯಿಯ ಕೇಸೊಂದರಲ್ಲಿ, ವಂಶ ಅನ್ನುವುದು ಜನಾಂಗಕ್ಕೆ ಇನ್ನೊಂದು ಹೆಸರಾಗಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ.

ನನ್ನನ್ನು ಕೇಳಿದರೆ: ಮೂಲ ಬಾಕಿಗೆ ವಂಶ, ಕೇಂದ್ರ ಸರ್ಕಾರ, ನೇರ ಹಣ, ಜೊತೆಗೆ ಕ್ಷಮೆ. ಚಿಕ್ಕ ಮಕ್ಕಳ ಪಾಲನ್ನು ಟ್ರಸ್ಟಿನಲ್ಲಿ ಇಡಬಹುದು, ದೊಡ್ಡವರ ಪಾಲಿಗೆ ಷರತ್ತು ಬೇಡ. ನಿಮ್ಮ ಊರು ಇವಾನ್‌ಸ್ಟನ್ ತರಹ ತನ್ನದೇ ತಪ್ಪನ್ನು ತಿದ್ದಲು ಹೊರಟರೆ ಅದಕ್ಕೂ ಮತ ಹಾಕಿ, ನಗದಿನ ಆಯ್ಕೆ ಇದೆಯಾ ನೋಡಿ ಹಾಕಿ. ಅದು ಊರಿನ ಲೆಕ್ಕ. ದೇಶದ ಲೆಕ್ಕ ಬೇರೆ ಇದ್ದೇ ಇದೆ.

ವಂಶ ತೋರಿಸಿ ಅಂದಾಗ ಜನ ಎಲ್ಲಿ ಹೋಗಬೇಕು? 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರ ಹೆಸರೇ ಇಲ್ಲ. ಯಜಮಾನನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಅಷ್ಟೇ. ಹೆಚ್ಚಿನವರ ಹೆಸರು ಜನಗಣತಿಯಲ್ಲಿ ಮೊದಲು ಬಂದಿದ್ದು 1870ರಲ್ಲಿ. ಅದರ ಹಿಂದೆ ಹೋಗಲು ಇರುವ ಒಳ್ಳೆಯ ದಾರಿ ಫ್ರೀಡ್‌ಮೆನ್ಸ್ ಬ್ಯೂರೋದ ಕಾಗದಗಳು. ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರಿಗಾಗಿ ಇದ್ದ ಸರ್ಕಾರಿ ಕಚೇರಿ ಅದು. ಕೂಲಿ ಕರಾರು, ಮದುವೆ ದಾಖಲೆ, ಕಳೆದುಹೋದ ಮಕ್ಕಳನ್ನು ಹುಡುಕಿಕೊಡಿ ಅನ್ನುವ ಪತ್ರಗಳು, ಎಲ್ಲ ಅದರಲ್ಲಿವೆ. ಎಲ್ಲವೂ ಹಳೆಯ ಕೈಬರಹ. ಅಮೆರಿಕದಲ್ಲಿ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆ ಅವನ್ನು ಒಂದೊಂದೇ ಪುಟ ಓದಿ ಟೈಪ್ ಮಾಡಲು ಸ್ವಯಂಸೇವಕರನ್ನು ಕರೆದಿದೆ. ಇಂಗ್ಲಿಷ್ ಕೈಬರಹ ಓದಲು ತಾಳ್ಮೆ ಇದ್ದರೆ ಸಾಕು, ಬೆಂಗಳೂರಿನಲ್ಲಿ ಕೂತೇ ಮಾಡಬಹುದು. ನೀವು ಟೈಪ್ ಮಾಡಿದ ಒಂದು ಹೆಸರು ಯಾರದೋ ಮುತ್ತಜ್ಜಿಯದ್ದಾಗಿರುತ್ತದೆ.